ಬದಲಾಪುರದಿಂದ ಬಂದ ಎಂಜಿನ್

ಮೊನ್ನೆ ಕಲ್ಯಾಣ ಸ್ಟೇಷನ್ನಿನಲ್ಲಿ ಮಳೆಯಿಂದಾಗಿ ಗಾಡಿಗಳೆಲ್ಲ ತಡ. ಹೆಂಗಸರ ಡಬ್ಬಿ ನಿಲ್ಲುವ ಜಾಗದಿಂದ ಜನರ ನೂಕಾಟಕ್ಕೆ ಸರಿಯುತ್ತ ಸರಿಯುತ್ತ ಲಗೇಜ್ ಡಬ್ಬಿಯ ಎದುರಿಗೆ ಬಂದು ನಿಂತಿದ್ದೆ. ಕರ್ಜತ್ ಕಡೆಯಿಂದ ಬಂದ ಲೋಕಲ್ಲಿನಿಂದ ಇಬ್ಬರು ಗೋಣಿಯಲ್ಲಿ ಸುತ್ತಿದ ಯಾವುದೋ ಯಂತ್ರವನ್ನು ಏದುಸಿರು ಬಿಡುತ್ತ ಇಳಿಸಿದರು. ನೆನೆದ ಗೋಣಿ, ಸುಟ್ಟ ಎಂಜಿನ್ ಆಯಿಲ್, ಅದರ ಮೇಲೆ ಆ ಡಬ್ಬಿಗೆ ಅಂಟಿಕೊಂಡೇ ಇರುವ ಮೀನುಬುಟ್ಟಿಯ ವಾಸನೆ. ಮೂರೂ ಒಟ್ಟಿಗೆ ಮೂಗಿಗೆ ಬಡಿದದ್ದೇ ನನ್ನ ಬಲಗೈ ಬೆರಳುಗಳು ತಾವಾಗಿ ಮಡಚಿಕೊಂಡವು. ಒಂದು ಇಡೀ ಮಳೆಗಾಲ ಇಂಥದೇ ಭಾರವನ್ನು ಇದೇ ಲೈನಿನಲ್ಲಿ ನಾನೂ ಹೊತ್ತು ತಿರುಗಿದ್ದೆ. ಕೆಲವು ವರ್ಷಗಳ ಹಿಂದಿನ ಮಾತು. ಈಗ ನೆನೆದರೂ ಮೊದಲು ಮೈಗೆ ಬರುವುದು ಆ ದಣಿವೇ.

ನನ್ನ ತಮ್ಮ ದಿನಕರನಿಗೆ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಬೈಕ್ ಗ್ಯಾರೇಜ್ ಇತ್ತು, ಈಗಲೂ ಇದೆ. ನಮ್ಮ ಅಪ್ಪ ಉಡುಪಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಪುಟ್ಟ ಹೋಟೆಲು ನಡೆಸಿದವರು. ಮಗ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆಂದು ಅವರು ಕಾದರು. ಅವನು ಹೋಟೆಲಿನ ಹಳೇ ಬೈಕನ್ನು ಬಿಚ್ಚಿ ಜೋಡಿಸುತ್ತ ಬೆಳೆದ. ನಾನು ಬೇಲಾಪುರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆ, ಅಲ್ಲಿ ಸೇತುವೆ ಹತ್ತಿಳಿದು ಬೇಲಾಪುರಕ್ಕೆ ಇನ್ನೊಂದು ಗಾಡಿ, ಸಂಜೆ ಅದೇ ದಾರಿ ಹಿಂದಕ್ಕೆ. ಗಾಡಿ ಬದಲಿಸುವುದು ಹೇಗೂ ಠಾಣೆಯಲ್ಲೇ ಎಂದು ಸಂಜೆ ಗ್ಯಾರೇಜಿಗೆ ಹೋಗಿ ತಮ್ಮನ ಮುಖ ನೋಡಿಕೊಂಡು ಬರುತ್ತಿದ್ದೆ. ಹಾಗೆ ಹೋಗುತ್ತ ಹೋಗುತ್ತಲೇ ಅವನ ರೇಸಿಂಗ್ ಟೀಮಿನ ಮ್ಯಾನೇಜರ್ ಆಗಿಬಿಟ್ಟೆ. ರೈಲು ಟಿಕೆಟು ಮಾಡಿಸುವುದು, ಟ್ರ್ಯಾಕಿನ ಆಫೀಸಿನಲ್ಲಿ ಮಾತಾಡುವುದು, ರೇಸು ನಡೆಯುವಾಗ ಟ್ರ್ಯಾಕಿನ ಪಕ್ಕದ ಗೋಡೆಯ ಬಳಿ ನಿಂತು ಸವಾರನಿಗೆ ಅವನ ಸ್ಥಾನದ ಅಂಕಿಯ ಬೋರ್ಡು ತೋರಿಸುವುದು ನನ್ನ ಕೆಲಸ. ಟೀಮು ಅಂದರೂ ಒಂದು ಬೈಕು, ಒಬ್ಬ ಸವಾರ, ನನ್ನ ತಮ್ಮ ಮತ್ತು ನಾನು, ಅಷ್ಟೆ.

ಸವಾರನ ಹೆಸರು ನಿತಿನ್. ಅಪ್ಪ ಅಮ್ಮ ಮುಲ್ಕಿಯವರು, ಅವನು ಹುಟ್ಟಿದ್ದು ಕಳವಾದಲ್ಲಿ. ಹಗಲು ಭಿವಂಡಿ ರಸ್ತೆಯ ಕೊರಿಯರ್ ಗೋದಾಮಿನಲ್ಲಿ ಸೂಪರ್‌ವೈಸರ್ ಕೆಲಸ. ಕನ್ನಡ, ತುಳು ಎರಡೂ ಅರ್ಥವಾಗುತ್ತಿದ್ದವು, ಉತ್ತರ ಮಾತ್ರ ಹಿಂದಿಯಲ್ಲಿ. ಆಗ ಅವನಿಗೆ ಮೂವತ್ತರ ಹತ್ತಿರ. ಎದುರಾಳಿಗಳೆಲ್ಲ ಮೀಸೆ ಮೂಡದ ಹುಡುಗರು. ಹೆಂಡತಿ ಬಸುರಿ. ಇದೊಂದು ವರ್ಷ, ಆಮೇಲೆ ರೇಸಿನ ಬೈಕು ಹತ್ತುವುದಿಲ್ಲ ಎಂದು ಅವನು ಮನೆಯಲ್ಲಿ ಮಾತು ಕೊಟ್ಟಿದ್ದ. ಆ ಒಂದು ವರ್ಷದಲ್ಲಿ ರಾಷ್ಟ್ರಮಟ್ಟದ ಪ್ರಶಸ್ತಿ ಬರಬೇಕು ಎಂಬುದು ಅವನ ಆಸೆ, ಅದಕ್ಕಿಂತ ಹೆಚ್ಚಾಗಿ ನನ್ನ ತಮ್ಮನ ಆಸೆ.

ನಾವು ಓಡಿಸುತ್ತಿದ್ದ ಸಣ್ಣ ಬೈಕುಗಳ ವಿಭಾಗದಲ್ಲಿ ಬೈಕನ್ನು ಒಬ್ಬರು ಸಿದ್ಧಪಡಿಸಿ, ಎಂಜಿನ್ನನ್ನು ಇನ್ನೊಬ್ಬರಿಂದ ಮಾಡಿಸಿಕೊಳ್ಳುವುದು ವಾಡಿಕೆ. ಎಷ್ಟೋ ವರ್ಷ ದಿನಕರನೇ ಎರಡನ್ನೂ ಮಾಡಿದ; ನಾವು ನಡುಸಾಲು ದಾಟಲಿಲ್ಲ. ಆ ಬೇಸಿಗೆಯಲ್ಲಿ ಯಾರೋ ಶಿವಾನಂದ ಬಡಿಗೇರರ ಹೆಸರು ಹೇಳಿದರು. ಹುಬ್ಬಳ್ಳಿ ಕಡೆಯವರು. ದೊಡ್ಡ ಕಂಪನಿಯೊಂದರಲ್ಲಿ ಎಂಜಿನ್ ಪರೀಕ್ಷಿಸುವ ವಿಭಾಗದ ಮುಖ್ಯಸ್ಥರಾಗಿದ್ದು, ಬೇಗ ನಿವೃತ್ತಿ ತೆಗೆದುಕೊಂಡು ಬದಲಾಪುರದಲ್ಲಿ ಸ್ವಂತ ಶೆಡ್ಡು ಹಾಕಿದ್ದರು. ಎತ್ತರದ ಆಳು, ಎಣ್ಣೆ ಕೆಲಸ ಮಾಡುವಾಗಲೂ ಇಸ್ತ್ರಿ ಅಂಗಿ. ತಮ್ಮ ಕೆಲಸದ ಬಗ್ಗೆ ಅವರಿಗೆ ಸಂಕೋಚವೇ ಇಲ್ಲದ ಹೆಮ್ಮೆ. ಮೊದಲ ದಿನವೇ ಹೇಳಿದ್ದರು:

"ಎಂಜಿನ್ ನಾ ಕೊಡ್ತೀನ್ರಿ. ಓಡಸೂದು ನಿಮಗ ಬಿಟ್ಟಿದ್ದು. ಅದರಾಗ ನಾ ಬಾಯಿ ಹಾಕೂದಿಲ್ಲ, ಇದರಾಗ ನೀವು ಹಾಕಬ್ಯಾಡ್ರಿ."

ದಿನಕರ ಹೊರಗೆ ಬಂದು, "ಎಂಥ ಅಹಂಕಾರ ಮಾರಾಯ್ತಿ ಈ ಮನುಷ್ಯನಿಗೆ!" ಅಂದ. ಆದರೆ ಆ ಎಂಜಿನ್ನನ್ನು ಬೈಕಿಗೆ ಕೂರಿಸಿ ಒಮ್ಮೆ ಚಾಲೂ ಮಾಡಿದ್ದೇ ಸುಮ್ಮನಾದ. ಪಕ್ಕದ ವರ್ಕ್‌ಶಾಪುಗಳಿಂದ ಜನ ಬಂದು ನಿಂತು ಕೇಳಿದರು.

ಜೂನ್ ತಿಂಗಳಲ್ಲಿ ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ಮೊದಲ ರೇಸು. ನಮ್ಮಲ್ಲಿ ಮಳೆ ಹಿಡಿದಿತ್ತು, ಅಲ್ಲಿ ನೆಲ ಕಾದ ಕಾವಲಿ. ಉದ್ದದ ನೇರ ದಾರಿಯಲ್ಲಿ ನಿತಿನ್ ಎಲ್ಲರನ್ನೂ ಒಬ್ಬೊಬ್ಬರಾಗಿ ದಾಟುವುದನ್ನು ನಾನು ಗೋಡೆಯ ಬಳಿ ನಿಂತು ನೋಡಿದೆ. ಬೋರ್ಡಿನಲ್ಲಿ ಒಂದನೇ ಸ್ಥಾನದ ಅಂಕಿಯನ್ನು ಅಲ್ಲಿಯವರೆಗೆ ನಾನು ಹಾಕಿದ್ದೇ ಇರಲಿಲ್ಲ. ಅದು ಎಲ್ಲಿದೆ ಎಂದು ಚೀಲದಲ್ಲಿ ಹುಡುಕಬೇಕಾಯಿತು. ಗೆದ್ದಾಗ ದಿನಕರ ಅತ್ತ. ಬಡಿಗೇರರು ಕೈಕಟ್ಟಿ ನಿಂತವರು "ನೋಡಿದ್ರಿಲ್ರೀ?" ಎಂದರು, ಅಷ್ಟೆ. ಆದರೆ ವಾಪಸು ಬರುವಾಗ ರೈಲಿನಲ್ಲಿ ಅವರೇ ಎಲ್ಲರಿಗೂ ಊಟ ತರಿಸಿ, ನಿತಿನ್‌ನ ತಟ್ಟೆಗೆ ತಮ್ಮ ಪಾಲಿನ ಸಿಹಿ ಹಾಕಿದ್ದನ್ನು ನೋಡಿದೆ.

ಪ್ರಶಸ್ತಿ ಎಂಬ ಮಾತು ಗ್ಯಾರೇಜಿನಲ್ಲಿ ಮೊದಲ ಬಾರಿ ಹುಟ್ಟಿದ್ದು ಆ ವಾರ. ಅದು ಹುಟ್ಟಿದ ಮೇಲೆ ಯಾರಿಗೂ ನೆಮ್ಮದಿ ಇರಲಿಲ್ಲ.

ಜುಲೈಯಲ್ಲಿ ಎರಡನೇ ರೇಸು. ನಿತಿನ್ ಮುಂದಿದ್ದ. ಇನ್ನೇನು ಮುಗಿಯಿತು ಅನ್ನುವಾಗ ಎಂಜಿನ್ ಒಂದು ಸಲ ಕೆಮ್ಮಿದಂತೆ ಮಾಡಿ ನಿಂತಿತು. ಅವನು ಬೈಕನ್ನು ತಳ್ಳಿಕೊಂಡು ಹುಲ್ಲಿನ ಮೇಲೆ ಬಂದ. ಆಗಸ್ಟಿನಲ್ಲಿ ಮೂರನೆಯದು. ಮತ್ತೆ ಮುಂದಿದ್ದ, ಮತ್ತೆ ಅದೇ ಕೆಮ್ಮು. ಈ ಸಲ ನಿತಿನ್ ಬೈಕನ್ನು ತಳ್ಳಲೂ ಇಲ್ಲ. ಅಲ್ಲೇ ಪಕ್ಕದಲ್ಲಿ ಕೂತುಬಿಟ್ಟ.

ಎರಡೂ ಸಲ ಮುರಿದದ್ದು ಒಂದೇ ವಸ್ತು: ಎಂಜಿನ್ನಿನ ತಲೆಯೊಳಗೆ ವಾಲ್ವನ್ನು ಮುಚ್ಚುವ ಪುಟ್ಟ ಸ್ಪ್ರಿಂಗು. ಬೆರಳಿನ ಒಂದು ಗೆಣ್ಣಿನಷ್ಟು. ಅದು ಮುರಿದರೆ ಒಳಗೆ ಎಲ್ಲ ಒಂದಕ್ಕೊಂದು ಬಡಿದು ಪುಡಿ.

ಆ ನಡುವಿನ ವಾರಗಳೇ ನನ್ನ ಮೈಯಲ್ಲಿ ಉಳಿದಿರುವುದು. ಎಂಜಿನ್ ಕೆಟ್ಟು ಬಂದರೆ ಬದಲಾಪುರಕ್ಕೆ ಹೋಗಬೇಕು, ರಿಪೇರಿಯಾದರೆ ಠಾಣೆಗೆ ಬರಬೇಕು. ಶೀಳ್ ರಸ್ತೆಯ ತುಂಬ ಹೊಂಡ, ಮೇಲೆ ನೀರು. ಟೆಂಪೊ ಸಿಕ್ಕಿದರೂ ಅರ್ಧ ದಿನ ದಾರಿಯಲ್ಲೇ. ಹಾಗಾಗಿ ಪೆಟ್ಟಿಗೆಯಲ್ಲಿಟ್ಟು, ಗೋಣಿ ಸುತ್ತಿ, ಒಂದು ಹಿಡಿಕೆ ದಿನಕರ, ಇನ್ನೊಂದು ನಾನು ಹಿಡಿದು ಲಗೇಜ್ ಡಬ್ಬಿಗೆ ಹತ್ತಿಸುತ್ತಿದ್ದೆವು. ಡಬ್ಬಿಯಲ್ಲಿ ಮೀನಿನವರು, ಹೂವಿನವರು, ಹಾಲಿನ ಕ್ಯಾನಿನವರು. ಮೊದಮೊದಲು ಬೈದರು, ಆಮೇಲೆ ಜಾಗ ಬಿಟ್ಟುಕೊಟ್ಟರು. "ತುಮಚಂ ಇಂಜಿನ್ ಪರತ್ ಆಜಾರಿ ಕಾ?" ಎಂಜಿನ್ನಿಗೆ ಮತ್ತೆ ಹುಷಾರಿಲ್ಲವೇ ಎಂದು ಮೀನಿನ ಮುದುಕಿಯೊಬ್ಬಳು ಮರಾಠಿಯಲ್ಲಿ ಕೇಳುತ್ತಿದ್ದಳು, ಮನೆಯಲ್ಲಿ ಕಾಯಿಲೆಯವರಿದ್ದಾರೆ ಎನ್ನುವ ಹಾಗೆ. ಮುಂಬ್ರಾದ ಗುಡ್ಡದಿಂದ ನೀರು ಬಿಳಿ ನೂಲಿನ ಹಾಗೆ ಇಳಿಯುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನೋಡಿ ಖುಷಿಪಡುವ ಶಕ್ತಿ ಇರುತ್ತಿರಲಿಲ್ಲ. ಒಂದು ದಿನ ಅಂಬರನಾಥದಿಂದ ಮುಂದೆ ಹಳಿ ಮುಳುಗಿ ಗಾಡಿ ನಿಂತಿತು. ಎಂಜಿನ್ನಿನ ಪೆಟ್ಟಿಗೆಯ ಮೇಲೆಯೇ ಕೂತು ಬಹಳ ಹೊತ್ತು ಕಾದೆವು. ದಿನಕರ ತಲೆ ಬಗ್ಗಿಸಿಕೊಂಡು, "ಅಕ್ಕ, ನಂಗೆ ಸಾಕಾಗಿದೆ. ಬಿಡ್ಲಿಕ್ಕೂ ಆಗುದಿಲ್ಲ" ಅಂದ. ಅವನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ತಪ್ಪು ಯಾರದು ಎಂಬ ಜಗಳ ಶುರುವಾದದ್ದು ಮೂರನೇ ರೇಸಿನ ನಂತರ. ಬಡಿಗೇರರು ಗ್ಯಾರೇಜಿಗೆ ಬಂದು, ಮುರಿದ ಸ್ಪ್ರಿಂಗನ್ನು ಮೇಜಿನ ಮೇಲೆ ಇಟ್ಟರು.

"ಸ್ಪ್ರಿಂಗು ದಣೀತಾವ್ರಿ, ಮನಶ್ಯಾರಂಗ. ಈ ಹುಡುಗ ತಿರುವಿನಾಗ ಲಗೂನ ಗೇರ್ ಇಳಸ್ತಾನ. ಆವಾಗ ಎಂಜಿನ್ನು ತಡಕೊಳ್ಳೂ ಮಿತಿ ದಾಟಿ ತಿರಗತೈತಿ. ಹಿಂಗ ಮಾಡಿದ್ರ ದೇವರು ಮಾಡಿದ ಎಂಜಿನ್ನೂ ನಿಲ್ಲೂದಿಲ್ಲ."

ನಿತಿನ್ ಮೂಲೆಯಲ್ಲಿ ನಿಂತವನು ಸಿಡಿದ. "ಮೈ ವೈಸಾ ಹೀ ಚಲಾತಾ ಹೂಂ ಅಂಕಲ್. ಪೆಹಲೀ ರೇಸ್ ಮೇಂ ಭೀ ವೈಸಾ ಹೀ ಚಲಾಯಾ ಥಾ. ತಬ್ ತೋ ನಹೀ ಟೂಟಾ!"

"ಮೊದಲನೇದ್ರಾಗ ಹೊಸಾ ಸ್ಪ್ರಿಂಗ್ ಇತ್ತು."

"ಅಂದ್ರೆ ನಿಮ್ಮ ಎಂಜಿನ್ ಒಂದೇ ರೇಸಿಗೋ?" ಎಂದ ದಿನಕರ. "ಪ್ರತಿಸಲ ನೀವು ಹೊಸತು ಹಾಕಿಯೇ ಕೊಟ್ಟದ್ದಲ್ವಾ?"

ಬಡಿಗೇರರು ಮುರಿದ ಸ್ಪ್ರಿಂಗನ್ನು ಮತ್ತೆ ಕೈಗೆತ್ತಿಕೊಂಡರು. ಎಂಜಿನ್ ತಿರುಗುವ ವೇಗದ ಮಿತಿಯನ್ನು ಸ್ವಲ್ಪ ಇಳಿಸೋಣ ಎಂದರು. ಇಳಿಸಿದರೆ ನೇರ ದಾರಿಯಲ್ಲಿ ಎದುರಾಳಿಗಳು ದಾಟಿಕೊಂಡು ಹೋಗುತ್ತಾರೆ ಎಂದ ದಿನಕರ. ಕೊನೆಗೆ ಬಡಿಗೇರರದೇ ಹಟ ಗೆದ್ದಿತು. ಸೆಪ್ಟೆಂಬರಿನ ನಾಲ್ಕನೇ ರೇಸಿನಲ್ಲಿ ಎಂಜಿನ್ ಕೊನೆಯವರೆಗೂ ಓಡಿತು. ದಿನಕರ ಹೇಳಿದ ಹಾಗೆಯೇ, ಚೆನ್ನೈನ ಇಬ್ಬರು ಹುಡುಗರು ನೇರ ದಾರಿಯಲ್ಲಿ ನಮ್ಮವನನ್ನು ನಿಂತವನ ಹಾಗೆ ದಾಟಿಹೋದರು. ಮೂರನೇ ಸ್ಥಾನ. ಉಳಿದ ಗೆಲುವುಗಳು ಬೇರೆಬೇರೆಯವರಿಗೆ ಹಂಚಿಹೋಗಿದ್ದರಿಂದ ಅಂಕಗಳ ಲೆಕ್ಕದಲ್ಲಿ ನಾವಿನ್ನೂ ಸತ್ತಿರಲಿಲ್ಲ. ಕೊನೆಯ ರೇಸಿನಲ್ಲಿ ನಿತಿನ್ ಗೆದ್ದರೆ ಪ್ರಶಸ್ತಿ ನಮ್ಮದು. ಗೆಲ್ಲಲೇಬೇಕು, ಎರಡನೆಯದು ಸಾಲದು.

ಅದೇ ಸಂಜೆ, ಬೈಕು ಓಡಿಸುವವರಿಗಾಗಿ ಫೋನಿನಲ್ಲಿ ವಿಡಿಯೊ ಮಾಡುವ ಯಾರೋ ಹುಡುಗರು ನಿತಿನ್‌ನ ಮುಂದೆ ಮೈಕು ಹಿಡಿದರು. ಹೆಲ್ಮೆಟ್ಟಿನ ಗುರುತು ಕೆನ್ನೆಯಲ್ಲಿ ಇನ್ನೂ ಆರಿರಲಿಲ್ಲ. "ರೈಡರ್ ಕ್ಯಾ ಕರೇಗಾ ಭಾಯಿ? ಇಂಜಿನ್ ಹೀ ನಹೀ ಹೈ" ಅಂದುಬಿಟ್ಟ. ಎಂಜಿನ್ನೇ ಸರಿಯಿಲ್ಲ ಎಂಬ ಆ ಮಾತು ಎಲ್ಲರ ಫೋನಿಗೂ ಹೋಯಿತು. ನನ್ನ ಕಚೇರಿಯ ಪ್ಯೂನ್ ಕೂಡ ತೋರಿಸಿದ.

ವಾರದೊಳಗೆ ದಿನಕರ ಕೊಯಮತ್ತೂರಿನ ಒಬ್ಬರನ್ನು ಗೊತ್ತುಮಾಡಿದ. ಕೊನೆಯ ರೇಸಿಗೆ ಅವರ ಎಂಜಿನ್. ಬಡಿಗೇರರಿಗೆ ಹೇಳಬೇಕಲ್ಲ?

"ನೀನೇ ಹೋಗಿ ಹೇಳು ಅಕ್ಕ. ನಾನು ಹೋದ್ರೆ ಜಗಳ ಆಗ್ತದೆ."

"ಎಂಜಿನ್ ತರ್ಲಿಕ್ಕೂ ನಾನೇ, ಬೇಡ ಅನ್ಲಿಕ್ಕೂ ನಾನೇಯಾ?"

ಅವನು ನನ್ನ ಮುಖ ನೋಡಿದ. ಚಿಕ್ಕಂದಿನಲ್ಲಿ ಅಪ್ಪನಿಗೆ ಮಾರ್ಕ್ಸ್ ಕಾರ್ಡು ತೋರಿಸುವ ದಿನ ನೋಡುತ್ತಿದ್ದ ಹಾಗೆ. ಹೋದೆ.

ಅಕ್ಟೋಬರಿನ ಸೆಕೆ. ಬದಲಾಪುರದ ಶೆಡ್ಡಿನ ಹಿಂದೆಯೇ ಅವರ ಮನೆ. ಬಡಿಗೇರರ ಹೆಂಡತಿ ಶಾಂತಕ್ಕ ಬಾಗಿಲಲ್ಲೇ ನನ್ನ ಕೈಹಿಡಿದು ಮೆಲ್ಲಗೆ ಹೇಳಿದರು, "ಆ ವಿಡಿಯೊ ನಮ್ಮ ಅಳಿಯನ ಫೋನಿಗೂ ಬಂತ್ರಿ. ಇವ್ರೂ ನೋಡಿದ್ರು. ಊಟ ಬಿಟ್ರು ನೋಡ್ರಿ ಅವತ್ತ. ಇನ್ನೊಂದು ಟೀಮಿನವ್ರೂ ಬರ್ತೀವಂದವ್ರು ಬರಲಿಲ್ಲ."

ಬಡಿಗೇರರು ನನ್ನ ಮಾತನ್ನು ಪೂರ್ತಿ ಕೇಳಿದರು. ಬಟ್ಟೆಯ ಚೂರಿನಿಂದ ಒಂದೊಂದೇ ಬೆರಳು ಒರೆಸುತ್ತ ಕೇಳಿದರು.

"ಆತು" ಅಂದರು. ಬಟ್ಟೆಯ ಚೂರನ್ನು ಮಡಿಸಿಟ್ಟು, "ಹುಡುಗ ಒಪ್ಪ್ಯಾನೇನು?"

"ಅವನನ್ನು ಯಾರು ಕೇಳ್ತಾರೆ ಬಡಿಗೇರರೇ? ದಿನಕರನ ತೀರ್ಮಾನ."

"ಸ್ಪ್ರಿಂಗಿನ ರೋಗ ನಂಗ ಸಿಕ್ಕೈತ್ರಿ ಅಕ್ಕಾರ. ಅದು ಕುಂದ್ರೂ ಜಾಗಾ ಒಂದು ಕೂದಲೆಳೆಯಷ್ಟು ಓರೆ ಇತ್ತು. ಅದಕ್ಕ ಒಂದ ಕಡೆ ಭಾರ ಬಿದ್ದು ಮುರೀತಿತ್ತು. ಹುಡುಗ ಓಡಸೂದ್ರಿಂದ ಲಗೂನ ಮುರೀತಿತ್ತು, ಆದ್ರ ಮೂಲ ತಪ್ಪು ನಂದ." ಅವರು ಬೆಂಚಿನ ಮೇಲೆ ಬಿಚ್ಚಿಟ್ಟಿದ್ದ ಎಂಜಿನ್ನನ್ನು ನೋಡಿದರು. "ಇರ್ಲಿ. ಒಳ್ಳೇದಾಗ್ಲಿ ಅನ್ರಿ. ಊಟ ಮಾಡ್ಕೊಂಡ ಹೋಗ್ರಿ."

ಉಂಡೆ. ಅವರು ಹೇಳಿದ್ದನ್ನು ಸಂಜೆ ದಿನಕರನಿಗೆ ಹೇಳಿದೆ. "ಈಗ ಸಿಕ್ತಾ? ಎಲ್ಲ ಹಾಳಾದ ಮೇಲೆ?" ಎಂದ, ಅಷ್ಟೆ.

ಕೊನೆಯ ರೇಸು ಮತ್ತೆ ಚೆನ್ನೈ ಬಳಿ, ಅಕ್ಟೋಬರಿನ ಕೊನೆಗೆ. ಅಲ್ಲಿ ಮಳೆ ಶುರುವಾಗುವ ಕಾಲ. ನಾವು ನಮ್ಮ ಮಳೆ ಮುಗಿಸಿಕೊಂಡು ಅವರ ಮಳೆಗೆ ಹೋದೆವು. ಶುಕ್ರವಾರದ ಅಭ್ಯಾಸದಲ್ಲಿ ಕೊಯಮತ್ತೂರಿನ ಎಂಜಿನ್ ಯಾವ ತಂಟೆಯನ್ನೂ ಮಾಡಲಿಲ್ಲ. ಮುಂದಕ್ಕೂ ಹೋಗಲಿಲ್ಲ. ನಿತಿನ್ ಬೈಕಿನಿಂದ ಇಳಿದು ಗ್ಲೌಸು ಬಿಚ್ಚುತ್ತ, "ಯೇ ಅಚ್ಛಾ ಬಚ್ಚಾ ಹೈ. ಜೀತೇಗಾ ನಹೀ" ಅಂದ. ಗೆಲ್ಲದ ಒಳ್ಳೆಯ ಮಗುವಿನಿಂದ ನಮಗೆ ಉಪಯೋಗವಿರಲಿಲ್ಲ. ದಿನಕರ ತಲೆಗೆ ಕೈಕೊಟ್ಟು ಕೂತ.

ಶನಿವಾರ ಬೆಳಿಗ್ಗೆ ನಾನು ಚಹಾಕ್ಕೆಂದು ಹೊರಟಾಗ, ಟೀಮುಗಳ ಗಾಡಿ ನಿಲ್ಲಿಸುವ ಜಾಗದ ಬೇವಿನ ಮರದ ಕೆಳಗೆ ಬಡಿಗೇರರು ಕೂತಿದ್ದರು. ಕೆಳಗೆ ನಮ್ಮ ಅದೇ ಪೆಟ್ಟಿಗೆ. ಕಲ್ಯಾಣದಲ್ಲಿ ರೈಲು ಹತ್ತಿ, ಒಬ್ಬರೇ ತಂದಿದ್ದರು. ಅಂಗಿ ಮುದುಡಿತ್ತು. ಅವರ ಅಂಗಿ ಮುದುಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನೀವ್ಯಾಕೆ ಬಂದದ್ದು?" ಎಂದೆ.

"ನಿಮಗ ಬ್ಯಾಡಂದ್ರ ಹಂಗ ವಾಪಸ್ ಒಯ್ತೀನ್ರಿ. ಸರಿಮಾಡೀನಿ, ಅದಕ್ಕ ತಂದೆ."

ದಿನಕರ ದೂರದಿಂದಲೇ ನೋಡಿ ಮುಖ ತಿರುಗಿಸಿದ. ಹೋದವನು ನಿತಿನ್. ಬಡಿಗೇರರ ಎದುರು ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತ. ವಿಡಿಯೊದ ಮಾತನ್ನು ಇಬ್ಬರೂ ಎತ್ತಲಿಲ್ಲ.

"ಅಂಕಲ್, ಯೇ ಚಲೇಗಾ?"

"ನಡೀತೈತಿ. ಮಿತಿ ನಿಂಗ ಬೇಕಾದಷ್ಟ ಇಟ್ಟೀನಿ. ತಿರುವಿಗೆ ಬಂದಾಗ ಗೇರ್ ಇಳಸೂ ಮೊದ್ಲ ಒಂದು ಉಸರು ತಡಿ. ಅಷ್ಟ ಮಾಡು."

ನಿತಿನ್ ತಲೆಯಾಡಿಸಿ ದಿನಕರನ ಕಡೆ ತಿರುಗಿದ. "ದಿನ್ನು ಭಾಯಿ, ಯಹೀ ಲಗಾವೊ."

ದಿನಕರ ಬಂದು ಪೆಟ್ಟಿಗೆ ತೆರೆದ. ಮಧ್ಯಾಹ್ನವಿಡೀ ಅವನೂ ಬಡಿಗೇರರೂ ಸೇರಿ ಎಂಜಿನ್ ಬದಲಿಸಿದರು. ಒಬ್ಬರು ಕೈಚಾಚಿದರೆ ಇನ್ನೊಬ್ಬರು ಪಾನಾ ಕೊಟ್ಟರು. ನಾನು ಮೊಸರನ್ನದ ಪೊಟ್ಟಣ ತಂದಿಟ್ಟೆ; ಯಾರೂ ಮುಟ್ಟಲಿಲ್ಲ.

ಭಾನುವಾರ ಬೆಳಗಿನ ಜಾವ ಹನಿದಿದ್ದ ಮಳೆ ರೇಸಿನ ಹೊತ್ತಿಗೆ ನಿಂತಿತ್ತು. ಟ್ರ್ಯಾಕು ಬಹುಪಾಲು ಒಣಗಿ, ಮರದ ನೆರಳಿರುವ ಕಡೆ ಮಾತ್ರ ಕಪ್ಪಗೆ ಮಿನುಗುತ್ತಿತ್ತು. ನಿತಿನ್ ಮೊದಲು ಹಿಂದೆ ಬಿದ್ದ. ಆಮೇಲೆ ನೇರ ದಾರಿಯಲ್ಲಿ ಒಬ್ಬೊಬ್ಬರನ್ನೇ ದಾಟತೊಡಗಿದ. ಆ ಎಂಜಿನ್ನಿನ ಸದ್ದು ನನಗೆ ಅಷ್ಟರೊಳಗೆ ಮನೆಯವರ ಕೆಮ್ಮಿನಷ್ಟು ಪರಿಚಿತವಾಗಿತ್ತು. ಅಂದು ಅದರಲ್ಲಿ ಒಂದು ಒಡಕೂ ಇರಲಿಲ್ಲ. ಎಳೆದ ತಂತಿಯ ಹಾಗೆ ಒಂದೇ ಸಮನೆ. ನಾನು ಪ್ರತಿ ಲ್ಯಾಪಿನಲ್ಲೂ ಆ ಕೆಮ್ಮಿಗಾಗಿ ಕಾಯುತ್ತಿದ್ದೆ. ದಿನಕರ ಕಣ್ಣು ಮುಚ್ಚಿ ಕೇಳುತ್ತಿದ್ದ. ಬಡಿಗೇರರು ಮಾತ್ರ ಸದ್ದು ಕೇಳುತ್ತಿರಲಿಲ್ಲ; ತಿರುವಿನಲ್ಲಿ ಹುಡುಗನನ್ನೇ ನೋಡುತ್ತಿದ್ದರು.

ಕೊನೆಗೆ ಇಬ್ಬರೇ ಉಳಿದರು. ಮುಂದೆ ನಿತಿನ್, ಅವನ ಬೆನ್ನಿಗೆ ಅಂಟಿದಂತೆ ಚೆನ್ನೈನ ಹುಡುಗ. ನಾನು ಬೋರ್ಡಿನಲ್ಲಿ ಕೊನೆಯ ಲ್ಯಾಪು ಎಂದು ತೋರಿಸಿದೆ. ನಿತಿನ್ ತಲೆಯಾಡಿಸಿದ್ದೂ ಕಂಡಿತು. ನೇರ ದಾರಿಯ ಕೊನೆಯ ಬಲತಿರುವು, ಮೇಲೆ ಮರದ ನೆರಳು. ಅವನು ಬ್ರೇಕು ಹಿಡಿದದ್ದು ಒಂದಿಷ್ಟು ತಡವಾಯಿತು. ಹಿಂದಿನವನು ಒಳಗೆ ನುಗ್ಗುತ್ತಾನೆಂಬ ಹೆದರಿಕೆಗೆ. ಮುಂದಿನ ಚಕ್ರ ಒದ್ದೆ ಪಟ್ಟೆಯ ಮೇಲೆ ಜಾರಿತು. ಅವನು ಒಂದು ಕಡೆ, ಬೈಕು ಒಂದು ಕಡೆ.

ಬೈಕು ಜಲ್ಲಿಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ಎಂಜಿನ್ ಯಾಕೋ ಇನ್ನೂ ಓಡುತ್ತಲೇ ಇತ್ತು. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು. ಟ್ರ್ಯಾಕಿನ ಕಾವಲಿಗಿದ್ದ ಮಾರ್ಷಲ್ ಒಬ್ಬ ಓಡಿಹೋಗಿ ಅದನ್ನು ನಿಲ್ಲಿಸಿದ.

"ಹುಡುಗ ಎದ್ದಾನೇನ್ರಿ? ಹುಡುಗ ಎದ್ದಾನೇನು?" ಬಡಿಗೇರರು ನನ್ನ ತೋಳು ಹಿಡಿದು ಅಲುಗಾಡಿಸುತ್ತಿದ್ದರು.

ಎದ್ದ. ಎದ್ದು ನಿಂತು ಮತ್ತೆ ಕೂತ. ಹೆಗಲಿನ ಕಾಲರ್ ಬೋನ್ ಮುರಿದು, ಭುಜದ ಕೀಲು ತಪ್ಪಿತ್ತು. ಪ್ರಶಸ್ತಿ ಚೆನ್ನೈನ ಹುಡುಗನಿಗೆ ಹೋಯಿತು. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದ ನಿತಿನ್ ದಿನಕರನ ಮುಖ ನೋಡಲಿಲ್ಲ. "ಮೇರೇ ಹಾಥ್ ಸೇ ಗಯಾ" ಎಂದ. ರೈಲಿನಲ್ಲಿ ಎಷ್ಟೋ ಹೊತ್ತಿನ ಮೇಲೆ ಮತ್ತೆ ಅದನ್ನೇ ಅಂದ, ಕಿಟಕಿಗೆ. ನಿನ್ನ ಕೈಯಿಂದ ಹೋದದ್ದಲ್ಲ ಎಂದು ನಾವು ಮೂವರೂ ಅನ್ನಲಿಲ್ಲ. ಅನ್ನಲು ಏನಿತ್ತು? ಎಲ್ಲರೂ ನೋಡಿದ್ದರು. ಇಡೀ ವರ್ಷ ಎಂಜಿನ್ನನ್ನು ಬೈದಿದ್ದೆವು, ಅಂದು ಎಂಜಿನ್ ತನ್ನ ಕೆಲಸ ಮಾಡಿತ್ತು. ಬಡಿಗೇರರ ಮುಖದಲ್ಲಿ ಗೆದ್ದವರ ಕಳೆ ಏನಾದರೂ ಕಾಣುತ್ತದೆಯೇ ಎಂದು ನಾನು ಕದ್ದು ನೋಡಿದೆ. ಅವರು ಕಿತ್ತಳೆ ಸುಲಿದು, ಎಡಗೈ ಕಟ್ಟಿದ್ದ ಹುಡುಗನಿಗೆ ಒಂದೊಂದೇ ತೊಳೆ ಕೊಡುತ್ತಿದ್ದರು.

ದೀಪಾವಳಿ ಬಂದುಹೋಯಿತು. ಒಂದು ದಿನ ಕಚೇರಿಗೆ ನಿತಿನ್‌ನ ಹೆಂಡತಿಯ ಫೋನು ಬಂತು. ತುಂಬು ಬಸುರಿ. ಗಂಡ ಕೆಲಸಕ್ಕೆ ಹೋಗುತ್ತಿಲ್ಲ, ಯಾರೊಂದಿಗೂ ಮಾತಾಡುತ್ತಿಲ್ಲ, ನಿದ್ದೆಯಲ್ಲಿ ಬಲಗೈ ಬೆರಳು ಬಿಗಿಹಿಡಿಯುತ್ತಾನೆ, ಬ್ರೇಕು ಹಿಡಿದ ಹಾಗೆ, ಎಂದು ಅತ್ತಳು. "ಮಗು ಹುಟ್ಟುವಾಗಲೂ ಹೀಗೇ ಇದ್ರೆ ಎಂಥ ಮಾಡುದು ಅಕ್ಕ?" ಯಾರಿಗೆ ಹೇಳಲೆಂದು ಯೋಚಿಸಿ ಕೊನೆಗೆ ಬಡಿಗೇರರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿ, "ಐತ್ವಾರ ಮೂವರೂ ಬರ್ರಿ. ಎಂಜಿನ್ ಬಿಚ್ಚೂದೈತಿ" ಎಂದರು.

ದಿನಕರ ಗೊಣಗುತ್ತಲೇ ಬಂದ. ನಿತಿನ್‌ನನ್ನು ಕಳವಾದ ಮನೆಯಿಂದ ನಾನೇ ಹೊರಡಿಸಿಕೊಂಡು ಹೋದೆ. ಚೆನ್ನೈನಿಂದ ಬಡಿಗೇರರೇ ವಾಪಸು ಒಯ್ದಿದ್ದ ಆ ಎಂಜಿನ್ ಶೆಡ್ಡಿನ ಬೆಂಚಿನ ಮೇಲಿತ್ತು, ಕೊನೆಯ ರೇಸಿನ ಮಣ್ಣು ಇನ್ನೂ ಅಂಟಿಕೊಂಡೇ ಇತ್ತು. ಬಡಿಗೇರರು ನಮ್ಮ ಎದುರಿಗೇ ತಲೆಯ ಭಾಗವನ್ನು ಬಿಚ್ಚಿ ಸ್ಪ್ರಿಂಗುಗಳನ್ನು ತೆಗೆದರು. ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಉಸಿರು ಬಿಟ್ಟರು.

"ನೋಡ್ರಿ. ಮತ್ತ ಬಿರುಕು ಬಿಟ್ಟೈತಿ."

ದಿನಕರ ಮುಂದೆ ಬಾಗಿದ. "ಎಲ್ಲಿ?"

"ಇಲ್ಲಿ, ಒಳಬದಿ. ಭಾಳ ಸಣ್ಣದು. ಆ ಕೊನೇ ಲ್ಯಾಪು ಮುಗಸ್ತಿರಲಿಲ್ಲ ಇದು. ಮುಂದಿನ ನೇರ ದಾರಿಯಾಗ ಹೋಗ್ತಿತ್ತು." ನಿತಿನ್‌ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು, "ಬೇಟಾ, ತೂ ಗಿರತಾ ನಹೀ ತೋ ಭೀ ಗಯಾ ಥಾ. ಮೇರಾ ಇಂಜಿನ್ ಗಯಾ ಥಾ."

ನಿತಿನ್ ಅವರ ಮುಖವನ್ನೇ ನೋಡಿದ. "ಪಕ್ಕಾ?"

"ಪಕ್ಕಾ."

ಅವನು ಸ್ಟೂಲಿನ ಮೇಲೆ ಕುಸಿದು ಕೂತು, ಸರಿಯಿದ್ದ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗಿತು. ದಿನಕರನ ಮುಖ ಗಟ್ಟಿಯಾಗಿತ್ತು. "ಕಡೆಗೂ ಅದೇ ಆಯ್ತಲ್ಲ ಬಡಿಗೇರರೇ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಸ್ಪ್ರಿಂಗು ಬೆಂಚಿನ ಮೇಲಿತ್ತು. ನಾನು ಅದನ್ನು ಎತ್ತಿ ನೋಡಿದೆ. ಆ ವರ್ಷ ಮುರಿದವನ್ನೂ ಬಿರುಕು ಬಿಟ್ಟವನ್ನೂ ಬೇಕಾದಷ್ಟು ನೋಡಿದ್ದೆ, ಉಗುರು ಆಡಿಸಿದರೆ ಬಿರುಕು ಎಲ್ಲಿದ್ದರೂ ತಡೆಯುತ್ತದೆ. ಹೊರಗೆ, ಒಳಗೆ, ಉದ್ದಕ್ಕೂ ಉಗುರು ಆಡಿಸಿದೆ. ಎಲ್ಲೂ ತಡೆಯಲಿಲ್ಲ. ತಲೆಯೆತ್ತಿದಾಗ ಬಡಿಗೇರರು ನನ್ನನ್ನೇ ನೋಡುತ್ತಿದ್ದರು. ಕೈಚಾಚಿ ಸ್ಪ್ರಿಂಗನ್ನು ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು.

ಹೊರಡುವಾಗ ಗೇಟಿನವರೆಗೆ ಬಂದರು. ದಿನಕರ, ನಿತಿನ್ ರಿಕ್ಷಾದ ಬಳಿ ಮುಂದಿದ್ದರು.

"ಯಾಕೆ ಹಾಗೆ ಹೇಳಿದ್ರಿ?" ಎಂದೆ.

"ಹುಡುಗನ ಹೆಗಲು ಮುರದೈತ್ರಿ ಅಕ್ಕಾರ. ಅದರ ಮ್ಯಾಲ ಮತ್ತೇನು ಹೊರಸೂದು?"

"ದಿನಕರನಿಗಾದ್ರೂ ನಿಜ ಹೇಳ್ಬಹುದಲ್ಲ? ಅವನು ಊರೆಲ್ಲ ಹೇಳ್ತಾನೆ. ನಿಮ್ಮ ಹೆಸರು..."

"ಅಂವಗ ಹೇಳಿದ್ರ ಹುಡುಗಗ ಗೊತ್ತಾಗತೈತಿ. ಬ್ಯಾಡ. ಹೋಗ್ರಿ, ರಿಕ್ಷಾ ನಿಂತೈತಿ."

ದಿನಕರ ಊರೆಲ್ಲ ಹೇಳಿದ. ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಮುಂದಿನ ವರ್ಷ ಅವನು ಟೀಮು ಕಟ್ಟಲಿಲ್ಲ. ಬಡಿಗೇರರ ಬಳಿಗೆ ಎಂಜಿನ್ ಕೇಳಿಕೊಂಡು ಮತ್ತೆ ಯಾವ ಟೀಮೂ ಹೋಗಲಿಲ್ಲ ಎಂದು ಶಾಂತಕ್ಕ ಒಮ್ಮೆ ಫೋನಿನಲ್ಲಿ ಹೇಳಿದರು. ಅವರು ಈಗ ಆ ಶೆಡ್ಡಿನಲ್ಲಿ ಜನರೇಟರು ರಿಪೇರಿ ಮಾಡುತ್ತಾರೆ.

ನಿತಿನ್‌ಗೆ ಹೆಣ್ಣುಮಗು ಹುಟ್ಟಿತು. ಅವನು ಅದೇ ತಿಂಗಳು ಗೋದಾಮಿನ ಕೆಲಸಕ್ಕೆ ಮರಳಿದ. ಆಗಾಗ ಠಾಣೆಯ ಸೇತುವೆಯ ಮೇಲೆ ಸಿಗುತ್ತಾನೆ, ಸ್ವಲ್ಪ ದಪ್ಪಗಾಗಿದ್ದಾನೆ, ಮಗಳ ಫೋಟೊ ತೋರಿಸುತ್ತಾನೆ. ಹಳೆಯ ಮಾತು ಬಂದರೆ ನಗುತ್ತ ಹೇಳುತ್ತಾನೆ, "ಕ್ಯಾ ಕರೇಂ ಅಕ್ಕಾ, ಇಂಜಿನ್ ಹೀ ಗಯಾ ಥಾ. ನಹೀ ತೋ ಟೈಟಲ್ ಅಪನಾ ಹೀ ಥಾ."

ಹೌದು ಮಾರಾಯ, ಅನ್ನುತ್ತೇನೆ. ನನ್ನ ಗಾಡಿ ಬರುತ್ತದೆ.